ಲಿಸ್ಟಿನಲ್ಲಿ ಇಲ್ಲದ ಮನೆ

ನನ್ನ ತಂಗಿ ಕೌಂಟಿ ಕಮಿಷನರ್ ಆಗಿದ್ದಾಳೆ. ಹಾಗೆಂದರೆ ಏನು ಎಂದು ಮಾತ್ರ ನನ್ನನ್ನು ಕೇಳಬೇಡಿ. ಸುದ್ದಿ ತಿಳಿದ ದಿನ ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿ, "ಕಮಿಷನರ್ ಆದ್ಲಂತಲ್ಲೇ! ಜೀಪು ಕೊಟ್ರಾ?" ಎಂದರು. ಪೊಲೀಸ್ ಕಮಿಷನರ್ ಅಲ್ಲ ಚಿಕ್ಕಮ್ಮ ಎಂದೆ. "ಮತ್ತೆ ಎಮ್ಮೆಲ್ಲೆನಾ?" ಅದೂ ಅಲ್ಲ. ನಮ್ಮ ಜಿಲ್ಲಾ ಪಂಚಾಯಿತಿ ಮೆಂಬರ್ ಥರ ಅಂತಿಟ್ಟುಕೊಳ್ಳಿ ಎಂದೆ. ಚಿಕ್ಕಮ್ಮನ ಉತ್ಸಾಹ ಅಲ್ಲಿಗೇ ಇಳಿದು, ಮಾತು ಮಾವಿನಕಾಯಿ ಉಪ್ಪಿನಕಾಯಿಗೆ ತಿರುಗಿತು.

ನಾನಿರುವುದು ಶಿಕಾಗೋ ಹತ್ತಿರದ ಲೊಂಬಾರ್ಡ್‌ನಲ್ಲಿ. ತಂಗಿ ಡೆಟ್ರಾಯಿಟ್ ಕಡೆ, ವಾರೆನ್ ದಾಟಿ ಇನ್ನೂ ಸ್ವಲ್ಪ ಮೇಲಕ್ಕೆ. ನಡುವೆ ಐದು ಗಂಟೆಯ ಡ್ರೈವ್. ಆಸ್ಪತ್ರೆಯ ಲ್ಯಾಬಿನಿಂದ ರಿಟೈರ್ ಆಗಿ ಮನೆಯಲ್ಲಿ ಕೂತಿದ್ದವಳನ್ನು, "ಅಕ್ಕಾ, ಎಲೆಕ್ಷನ್ ಮುಗಿಯೋ ತನಕ ಬಂದಿರ್ತೀಯಾ? ಅಡುಗೆ ಮಾಡೋಕೂ ಟೈಮ್ ಸಿಗ್ತಿಲ್ಲ" ಎಂದು ಕರೆದಳು. ಯಜಮಾನರಿಗೆ ಫ್ರೀಜರ್ ತುಂಬ ಸಾರು, ಹುಳಿ ಮಾಡಿಟ್ಟು, ನವೆಂಬರ್‌ನಲ್ಲಿ ವಾಪಸು ಬರುತ್ತೇನೆ ಎಂದು ಹೇಳಿ ಹೊರಟೆ.

ಚಿಕ್ಕವಳಿದ್ದಾಗ ಈ ತಂಗಿ ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಬೇಕಾದರೂ ಬಾಯಿಬಿಟ್ಟು ಕೇಳಿದವಳಲ್ಲ. ನಾನೇ ಕೇಳಿ ಹಾಕಿಸುತ್ತಿದ್ದೆ. ಇಲ್ಲಿಗೆ ಬಂದು ಕಾರಿನ ಸೀಟು ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆದಳು, ಮಕ್ಕಳನ್ನು ಬೆಳೆಸಿದಳು. ಇವಳಿಗೂ ರಾಜಕೀಯಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಕೇಳಿದರೆ ಚರಂಡಿ ಎನ್ನುತ್ತಾಳೆ. ಅವಳ ಬಡಾವಣೆಯ ಹಿಂದೆ ಒಂದು ದೊಡ್ಡ ಚರಂಡಿ ಇದೆ. ಮಳೆ ಜೋರಾದರೆ ನೀರು ಬೇಸ್‌ಮೆಂಟಿಗೆ ನುಗ್ಗುತ್ತದೆ. ಅದರ ದೂರು ಹೇಳಲು ಒಂದು ಸಲ ಕೌಂಟಿ ಮೀಟಿಂಗಿಗೆ ಹೋದಳಂತೆ. "ಕುರ್ಚಿಗಳೆಲ್ಲ ಖಾಲಿ ಅಕ್ಕಾ. ಜನರೇ ಬರಲ್ಲ. ನನಗೆ ಪಾಪ ಅನ್ನಿಸ್ತು" ಎಂದಳು. ಪಾಪ ಅನ್ನಿಸಿದ್ದು ಯಾರ ಮೇಲೆ, ಕುರ್ಚಿಗಳ ಮೇಲೋ? ಅಂತೂ ಮುಂದಿನ ತಿಂಗಳೂ ಹೋದಳು, ಅದರ ಮುಂದಿನ ತಿಂಗಳೂ ಹೋದಳು. ಕೆಲವರಿಗೆ ಭಜನೆಯ ಹುಚ್ಚು ಹಿಡಿದ ಹಾಗೆ ಇವಳಿಗೆ ಮೀಟಿಂಗಿನ ಹುಚ್ಚು ಹಿಡಿಯಿತು. ಅವಳ ಕಡೆಯ ಕಮಿಷನರ್ ಆಗಿದ್ದ ಹಿರಿಯರು ಇನ್ನು ಸಾಕು ಎಂದು ಬಿಟ್ಟಾಗ ಇವಳು ಎಲೆಕ್ಷನ್ನಿಗೆ ನಿಂತಳು.

ನಾನು ಬರುವಷ್ಟರಲ್ಲಿ ಪಾಂಪ್ಲೆಟ್ ಅಚ್ಚಾಗಿತ್ತು. ನೀಲಿ ಕೋಟಿನಲ್ಲಿ ನಗುತ್ತಿರುವ ತಂಗಿಯ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ಮೂರು ಪದ: ಇಂಜಿನಿಯರ್, ತಾಯಿ, ನೆರೆಯವಳು. ಮೊದಲೆರಡು ಸರಿ. ಪಕ್ಕದ ಮನೆಯಲ್ಲಿ ವಾಸವಿರುವುದೂ ಒಂದು ಕ್ವಾಲಿಫಿಕೇಷನ್ನೇ? ಹಿಂದಿನ ಪುಟದಲ್ಲಿ ಗೆದ್ದರೆ ಅವಳು ಮಾಡುವ ಕೆಲಸಗಳು: ಚರಂಡಿ, ರಸ್ತೆ, ವಯಸ್ಸಾದವರ ಓಡಾಟಕ್ಕೆ ಅನುಕೂಲ. ಓದಿ ಖುಷಿಯಾಯಿತು. ಆದರೆ ರಸ್ತೆಯ ವಿಷಯ ಕೇಳಿದರೆ, ಇದು ಕೌಂಟಿಯದು, ಅದು ಸಿಟಿಯದು, ಆಚೆಯದು ಸ್ಟೇಟಿನದು ಎಂದು ಒಂದೇ ಸಿಗ್ನಲ್ಲಿನಲ್ಲಿ ನಿಂತು ಮೂರು ಕಡೆ ಕೈ ತೋರಿಸಿದಳು. ನನಗೆ ಎಲ್ಲವೂ ಒಂದೇ ಡಾಂಬರಿನ ಹಾಗೆ ಕಂಡಿತು.

ಅಡುಗೆಗೆಂದು ಬಂದವಳು ಎರಡನೇ ವಾರಕ್ಕೆ ಅವಳ ಜೊತೆ ಮನೆಮನೆ ಸುತ್ತುತ್ತಿದ್ದೆ. ಇಲ್ಲಿ ನನಗೆ ವೋಟಿಲ್ಲ, ಆದರೆ ಕಾಲಿದೆಯಲ್ಲ. ಮೊದಲ ದಿನವೇ ನಮ್ಮಿಬ್ಬರಿಗೆ ಜಗಳವಾಯಿತು. ತಂಗಿ ಫೋನ್ ನೋಡಿಕೊಂಡು ಒಂದು ಮನೆಯ ಬೆಲ್ ಒತ್ತುತ್ತಾಳೆ, ಪಕ್ಕದ ಎರಡು ಮನೆ ಬಿಡುತ್ತಾಳೆ, ನಾಲ್ಕನೆಯದಕ್ಕೆ ಹೋಗುತ್ತಾಳೆ.

"ಇದೇನೇ ಇದು, ಆ ಮನೆಯವರು ಏನ್ ತಪ್ಪು ಮಾಡಿದಾರೆ?" ಎಂದೆ.

"ಅವರು ಲಿಸ್ಟಲ್ಲಿ ಇಲ್ಲ ಅಕ್ಕಾ. ವೋಟ್ ಹಾಕೋರಲ್ಲ. ಟೈಮ್ ವೇಸ್ಟು."

ನನ್ನ ಮೈ ಉರಿದುಹೋಯಿತು. ಅಮ್ಮನ ಜೊತೆ ಕುಂಕುಮದ ಭರಣಿ ಹಿಡಿದು ಮದುವೆಗೆ ಕರೆಯಲು ಹೋದವಳು ನಾನು. ಒಂದು ಮನೆಗೆ ಕುಂಕುಮ ಕೊಟ್ಟು ಅದರ ಪಕ್ಕದ ಮನೆಯ ಮುಂದೆ ಸುಮ್ಮನೆ ದಾಟಿಹೋದರೆ ಆ ಮನೆಯವರು ಜನ್ಮಪೂರ್ತಿ ಮರೆಯುವುದಿಲ್ಲ. ಮಾತು ಬಿಟ್ಟಿದ್ದ ಮನೆಗೂ ಅಮ್ಮ ಹೋಗುತ್ತಿದ್ದಳು. ಬರುವುದು ಬಿಡುವುದು ಅವರಿಗೆ ಸೇರಿದ್ದು, ಕರೆಯುವುದು ನಮಗೆ ಸೇರಿದ್ದು. ಇಷ್ಟನ್ನೂ ಅಲ್ಲೇ ಫುಟ್‌ಪಾತಿನ ಮೇಲೆ ನಿಂತು ಹೇಳಿದೆ. ತಂಗಿ ಗಡಿಯಾರ ನೋಡಿಕೊಂಡಳು.

ಅಷ್ಟರಲ್ಲಿ, ಬಿಟ್ಟು ಬಂದ ಒಂದು ಮನೆಯ ಮುಂದೆ ಎಲೆ ಗುಡಿಸುತ್ತಿದ್ದ ಹೆಂಗಸು ನಮ್ಮನ್ನೇ ನೋಡುತ್ತಿರುವುದು ಕಂಡಿತು. ಎಪ್ಪತ್ತು ದಾಟಿದ, ಬೆಳ್ಳಗಿನ ತಲೆಯ ಅಮೆರಿಕನ್ ಅಜ್ಜಿ. ಅವರ ಕಣ್ಣು ತಪ್ಪಿಸಿ ಹೋಗುವುದು ನನ್ನಿಂದಾಗಲಿಲ್ಲ. ತಂಗಿಯನ್ನು ಬಿಟ್ಟು ವಾಪಸು ನಡೆದೆ.

ಆಕೆ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು. ಅವರ ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಕರೆದುಕೊಂಡು ಹೋಗುತ್ತಿದ್ದ ಮಗಳು ಕೆಲಸ ಸಿಕ್ಕಿ ದೂರದ ಊರಿಗೆ ಹೋದಳು. ಆಕೆಯ ಕಣ್ಣು ಮಂಜು, ಡ್ರೈವ್ ಮಾಡುವಂತಿಲ್ಲ. ವಯಸ್ಸಾದವರಿಗೆಂದು ವ್ಯಾನ್ ಇದೆ, ಆದರೆ ಅದು ಕೌಂಟಿಯ ಗಡಿ ದಾಟುವುದಿಲ್ಲ, ಡಯಾಲಿಸಿಸ್ ಸೆಂಟರ್ ಇರುವುದು ಗಡಿಯಿಂದ ಎರಡು ಮೈಲಿ ಆಚೆ. ಪ್ರತಿ ಸಲವೂ ಯಾರನ್ನಾದರೂ ಬೇಡಬೇಕು. ಇತ್ತೀಚೆಗೆ ಗಂಡ, ಬೇಡುವುದಕ್ಕಿಂತ ಡಯಾಲಿಸಿಸ್ ಬಿಡುವುದೇ ವಾಸಿ ಎನ್ನತೊಡಗಿದ್ದಾರೆ. ಇದನ್ನು ಆಕೆ ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದರು. "ನೀವು ಯೋಚನೆ ಮಾಡಬೇಡಿ, ನನ್ನ ತಂಗಿ ಗೆಲ್ಲಲಿ, ವ್ಯಾನ್ ಬರುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಫೋನ್ ನಂಬರ್ ಕೊಟ್ಟು ಬಂದೆ.

ತಂಗಿ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ಅಕ್ಕಾ, ಏನ್ ಹೇಳ್ಬಿಟ್ಟೆ?"

"ಧೈರ್ಯ ಹೇಳಿದೆ ಕಣೇ. ಕಷ್ಟ ಹೇಳ್ಕೊಂಡೋರಿಗೆ ಇನ್ನೇನ್ ಹೇಳ್ತಾರೆ?"

"ಇಲ್ಲಿ ಅದನ್ನ ಪ್ರಾಮಿಸ್ ಅಂದ್ಕೋತಾರೆ. ನಾನು ವಿಚಾರಿಸ್ತೀನಿ ಅಂತ ಮಾತ್ರ ಹೇಳೋದು."

"ವಿಚಾರಿಸ್ತೀನಿ ಅಂದ್ರೆ ಹೊಟ್ಟೆ ತುಂಬುತ್ತಾ?"

ತಂಗಿ ಕೂದಲೆಳೆಯ ಅಂತರದಲ್ಲಿ ಗೆದ್ದಳು. ಮನೆಯಲ್ಲಿ ಗಲಾಟೆಯೋ ಗಲಾಟೆ, ನಾನು ಕೇಸರಿಬಾತ್ ಕೆದಕುತ್ತಿದ್ದೆ. ಆಗ ಆ ಹೆಂಗಸಿನ ಫೋನು. ಎಷ್ಟೋ ವರ್ಷಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಹೋಗಿ ವೋಟು ಹಾಕಿದೆವು, ತುಂಬ ಸಂತೋಷ, ವ್ಯಾನ್ ಸೋಮವಾರದಿಂದ ಬರುತ್ತದಾ ಎಂದರು. ಅಧಿಕಾರ ಕೈಗೆ ಬರುವುದು ಜನವರಿಗೆ ಎಂದು ಹೇಳಬೇಕಿತ್ತು. ಸೋಮವಾರಕ್ಕೂ ಜನವರಿಗೂ ನಡುವೆ ಆ ಮನುಷ್ಯ ಏನು ಮಾಡಬೇಕು ಎಂಬುದು ಮಾತ್ರ ನನ್ನ ತಲೆಯಲ್ಲಿತ್ತು. "ಬರುತ್ತೆ" ಎಂದುಬಿಟ್ಟೆ.

ತಂಗಿಯ ಗ್ಯಾರೇಜಿನಲ್ಲಿ ಮಕ್ಕಳ ಕಾಲದ ಮಿನಿವ್ಯಾನ್ ಒಂದಿತ್ತು. ಸೋಮವಾರ ಬೆಳಿಗ್ಗೆ ಅವಳೂ ಅವಳ ಗಂಡನೂ ಆಫೀಸಿಗೆ ಹೋದ ಮೇಲೆ ಅದನ್ನು ತೆಗೆದುಕೊಂಡು ಹೋಗಿ ಆ ಹೆಂಗಸಿನ ಮನೆಯ ಮುಂದೆ ನಿಂತೆ. ನೀವೇ ಡ್ರೈವರಾ ಎಂದು ಆಕೆ ಕೇಳಿದಾಗ, ಹೌದು, ಕೌಂಟಿಯ ಹೊಸ ವ್ಯಾನ್ ಎಂದುಬಿಟ್ಟೆ. ಗಂಡ ಕೋಲೂರಿಕೊಂಡು ಬಂದರು. ಎತ್ತರದ, ಬಿಗುಮುಖದ ಮನುಷ್ಯ. ನಾನು ಪಕ್ಕದ ಬಾಗಿಲು ಸರಿಸಿದೆ. ಹಿಂದಿನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ ಬಂದರು. ಹೋಗುವಾಗ ಒಂದು ಥ್ಯಾಂಕ್ಸ್, ಬರುವಾಗ ಒಂದು ಥ್ಯಾಂಕ್ಸ್. ಹೆಚ್ಚೆಂದರೆ ಜನವರಿಯ ತನಕ, ಅಷ್ಟರಲ್ಲಿ ನಿಜವಾದ ವ್ಯಾನ್ ಬಂದೇ ಬರುತ್ತದೆ ಎಂದು ನಾನು ನಂಬಿದ್ದೆ. ತಂಗಿಗೆ ಹೇಳಲಿಲ್ಲ, ಹೇಳಿದರೆ ಉಗಿಯುತ್ತಾಳೆ ಎಂದು ಗೊತ್ತಿತ್ತು; ನಿನ್ನ ಪ್ರಮಾಣವಚನ ನೋಡಿಕೊಂಡೇ ಹೋಗುತ್ತೇನೆ ಎಂದು ಉಳಿದುಕೊಂಡೆ.

ಅವಳು ವಿಚಾರಿಸುತ್ತಲೇ ಇದ್ದಳು, ಸುಳ್ಳು ಹೇಳಬಾರದು. ಸಿಟಿಯವರು ಕೌಂಟಿಯನ್ನು ಕೇಳಿ ಅಂದರಂತೆ, ಕೌಂಟಿಯವರು ಆಚೆ ಕೌಂಟಿಯ ಜೊತೆ ಒಪ್ಪಂದ ಬೇಕು ಅಂದರಂತೆ, ಒಪ್ಪಂದಕ್ಕೆ ಒಂದು ಕಮಿಟಿ, ಕಮಿಟಿಗೆ ಒಂದು ರಿಪೋರ್ಟು. ಊಟಕ್ಕೆ ಕೂತಾಗ ವಿವರಿಸುತ್ತಿದ್ದಳು. ಅರ್ಥವಾಗದಿದ್ದರೂ ತಲೆ ಆಡಿಸುತ್ತಿದ್ದೆ. ಗೆದ್ದ ಮೇಲೂ ಹೀಗೆ ಬಾಗಿಲು ಬಾಗಿಲು ತಟ್ಟಬೇಕಾದರೆ ಗೆದ್ದಿದ್ದು ಯಾಕೆ? ಹಿಮ ಬಿತ್ತು. ಹೊಸ ವರ್ಷ ಬಂತು, ತಂಗಿ ಪ್ರಮಾಣವಚನ ತೆಗೆದುಕೊಂಡಳು. ಯಜಮಾನರು ಫೋನಿನಲ್ಲಿ, "ಹುಳಿ ಖಾಲಿಯಾಗಿ ಯಾವ ಕಾಲ ಆಯ್ತು. ಗೆದ್ದಿದ್ದು ನಿನ್ನ ತಂಗಿನೋ ನೀನೋ?" ಎಂದರು. ನನಗೂ ಅದೇ ಅನುಮಾನ ಬರತೊಡಗಿತ್ತು.

ಬಯಲಾಗಿದ್ದು ಕೌಂಟಿ ಮೀಟಿಂಗಿನಲ್ಲಿ. ತಂಗಿ ವೇದಿಕೆಯ ಮೇಲೆ ಕೂತಿರುವುದನ್ನು ನೋಡುವ ಆಸೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸಾರ್ವಜನಿಕರು ಮೈಕ್ ಮುಂದೆ ಬಂದು ಮೂರು ನಿಮಿಷ ಮಾತಾಡಬಹುದು. ಯಾರೋ ಪಾರ್ಕಿನ ದೂರು ಹೇಳಿದ ಮೇಲೆ ಎದ್ದು ನಿಂತವರು ಆ ಹೆಂಗಸು. ತಂಗಿಯ ಕಡೆ ನೋಡಿ ಆಕೆ, ಕೊಟ್ಟ ಮಾತು ಉಳಿಸಿಕೊಂಡ ರಾಜಕಾರಣಿಯನ್ನು ಮೊದಲ ಸಲ ನೋಡಿದೆ, ಕೌಂಟಿಯ ಹೊಸ ವ್ಯಾನ್ ನನ್ನ ಗಂಡನ ಜೀವ ಉಳಿಸಿದೆ, ಡ್ರೈವರ್ ಬಹಳ ಒಳ್ಳೆಯವರು ಎಂದರು. ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಪಕ್ಕದ ಅಧಿಕಾರಿಯ ಕಡೆ ಬಗ್ಗಿದರು, ಅಧಿಕಾರಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ತಂಗಿ ಕಂಗಾಲಾಗಿ ಸಭೆಯತ್ತ ಕಣ್ಣಾಡಿಸಿದಳು, ನನ್ನ ಮುಖ ಕಂಡಿತು, ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು.

ಸುಮ್ಮನೆ ನಕ್ಕು ಥ್ಯಾಂಕ್ಸ್ ಹೇಳಿಬಿಡಬಹುದಿತ್ತು. ಹಾಗೆಯೇ ಮಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಮೈಕ್ ಒತ್ತಿ, ಕೌಂಟಿಗೆ ಅಂಥ ವ್ಯಾನ್ ಇಲ್ಲ, ಅದು ನನ್ನ ಮನೆಯದು, ಓಡಿಸುತ್ತಿರುವವರು ನನ್ನ ಅಕ್ಕ, ಕೊಟ್ಟ ಮಾತನ್ನು ನಾನಿನ್ನೂ ಉಳಿಸಿಕೊಂಡಿಲ್ಲ ಎಂದಳು. ಪಾಯಸ ಕೇಳಲು ನಾಚುತ್ತಿದ್ದ ಹುಡುಗಿಯ ದನಿ ಒಂಚೂರೂ ನಡುಗಲಿಲ್ಲ. "ನನ್ನಕ್ಕ ಶಿಕಾಗೋ ಹತ್ತಿರದ ತಮ್ಮ ಮನೆಗೆ ವಾಪಸು ಹೋಗಬೇಕು. ಆ ವ್ಯಾನ್ ಬರೋ ತನಕ ಪ್ರತಿ ಮೀಟಿಂಗಿನಲ್ಲೂ ನಾನು ಇದನ್ನೇ ಕೇಳ್ತೀನಿ" ಎಂದೂ ಸೇರಿಸಿದಳು. ಯಾರೋ ಚಪ್ಪಾಳೆ ತಟ್ಟಿದರು. ಆ ಹೆಂಗಸಿನ ಮುಖ ಮಾತ್ರ ಅವಮಾನದಿಂದ ಕೆಂಪಾಯಿತು. ಕೋಟು ತೆಗೆದುಕೊಂಡು ಹೊರಡುವಾಗ ನನ್ನ ಹತ್ತಿರ ನಿಂತು, ಗಂಡನಿಗೆ ಇನ್ನೊಬ್ಬರ ಉಪಕಾರ ಆಗುವುದಿಲ್ಲ, ಕೌಂಟಿಯದು ಎಂದೇ ಹತ್ತುತ್ತಿದ್ದರು, ಇನ್ನು ಏನು ಮಾಡುತ್ತಾರೋ ಗೊತ್ತಿಲ್ಲ ಎಂದು ಮೆತ್ತಗೆ ಹೇಳಿದರು.

ಕಾರಿನಲ್ಲಿ ತಂಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ, ಅವಳು ನಿಜ ಹೇಳಿದ್ದು ಸರಿಯೋ ತಪ್ಪೋ, ಯಾವುದೂ ಬಗೆಹರಿಯಲಿಲ್ಲ. ಆ ಮನುಷ್ಯ ಇನ್ನು ಡಯಾಲಿಸಿಸ್ ಬಿಟ್ಟರೆ ಅದು ಯಾರ ಮೇಲೆ?

ಮುಂದಿನ ಡಯಾಲಿಸಿಸ್ ದಿನ ಮಾಮೂಲಿ ಹೊತ್ತಿಗೇ ಅವರ ಮನೆಯ ಮುಂದೆ ಹೋಗಿ ನಿಂತೆ. ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿ. ಮನೆಯ ಬಾಗಿಲು ಮುಚ್ಚಿತ್ತು. ಹಾರ್ನ್ ಮಾಡಲು ಮನಸ್ಸಾಗಲಿಲ್ಲ, ವಾಪಸು ಹೋಗಲೂ ಆಗಲಿಲ್ಲ. ಕಡೆಗೆ ಬಾಗಿಲು ತೆರೆಯಿತು, ಕೋಲು ಕಂಡಿತು. ನಾನು ಓಡಿಹೋಗಿ ಎಂದಿನಂತೆ ಪಕ್ಕದ ಬಾಗಿಲು ಸರಿಸಿ ನಿಂತೆ. ಅವರು ಅದನ್ನು ದಾಟಿ ಮುಂದೆ ನಡೆದರು, ಮುಂದಿನ ಬಾಗಿಲನ್ನು ತಾವೇ ತೆಗೆದು ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಕೌಂಟಿ ಡ್ರೈವರ್ ಜೊತೆ ಮಾತಾಡೋ ಹಾಗಿಲ್ಲ ಅಂದುಕೊಂಡಿದ್ದೆ" ಎಂದರು.

ಆಮೇಲೆ ದಾರಿಯುದ್ದಕ್ಕೂ ಮಾತಾಡಿದರು. ನನಗೆ ಅರ್ಧ ಅರ್ಥವಾಗಲಿಲ್ಲ. ಕೇಳುತ್ತ ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿ, ಅಂದು ಹತ್ತು ನಿಮಿಷ ತಡವಾಗಿ ಹೋದೆವು.