ಅತ್ತೆಯ ಕೆನ್ನೆಯ ಹಸಿರು

ಮದುವೆಯಾಗಿ ಪೀಣ್ಯಕ್ಕೆ ಬಂದ ಮೇಲೂ ಎಷ್ಟೋ ದಿನ ನಾನು ಮನುಷ್ಯರ ಮೈಬಣ್ಣ ಟ್ಯೂಬಿನಲ್ಲಿ ಸಿಗುತ್ತದೆ ಎಂದೇ ನಂಬಿದ್ದೆ. ಪೇಟೆಯಲ್ಲಿ ಕೊಂಡ ಬಣ್ಣದ ಪೆಟ್ಟಿಗೆಯಲ್ಲಿ ಅದೇ ಹೆಸರಿನ ಒಂದು ಟ್ಯೂಬಿತ್ತು. ಒತ್ತಿದರೆ ಆಗತಾನೇ ಹುಟ್ಟಿದ ಇಲಿಮರಿಯಂಥ ಗುಲಾಬಿ ಬಣ್ಣ ಹೊರಬರುತ್ತಿತ್ತು. ಪೀಣ್ಯದಲ್ಲಾಗಲಿ, ಪಕ್ಕದ ದಾಸರಹಳ್ಳಿಯಲ್ಲಾಗಲಿ ಆ ಬಣ್ಣದ ಮನುಷ್ಯರು ಒಬ್ಬರೂ ಇರಲಿಲ್ಲ. ಆದರೂ ನನಗೆ ಟ್ಯೂಬಿನ ಮೇಲೆ ಅನುಮಾನ ಬರಲಿಲ್ಲ, ಊರಿನವರ ಮೇಲೇ ಬಂತು.

ನಾನು ಆಗ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಕಪ್ಪು ಶಾಯಿಯಲ್ಲಿ ತಿದ್ದುವುದು ನನ್ನ ಕೆಲಸ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಪೀಣ್ಯದಲ್ಲಿ ವಾರಕ್ಕೊಂದು ಹೊಸ ಶೆಡ್ಡು ಏಳುತ್ತಿತ್ತು, ಎಲ್ಲರಿಗೂ ನಕ್ಷೆಗಳು ಅರ್ಜೆಂಟಾಗಿ ಬೇಕಾಗಿದ್ದವು. ಗೆರೆ ಎಳೆದೂ ಎಳೆದೂ ನನಗೆ ಜಗತ್ತೇ ಗೆರೆಯಾಗಿ ಕಾಣಲು ತೊಡಗಿತ್ತು. ಊಟದ ತಟ್ಟೆ ನೋಡಿದರೆ ಅದರ ವ್ಯಾಸ ಎಷ್ಟಿರಬಹುದು ಎನ್ನಿಸುತ್ತಿತ್ತು. ಈ ಕಾಯಿಲೆಗೆ ಔಷಧಿಯೆಂದು ಭಾನುವಾರ ಬೆಳಗಿನ ಚಿತ್ರಕಲೆ ತರಗತಿಗೆ ಸೇರಿದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾಗಿದ್ದ ಪಾರ್ಥಸಾರಥಿ ಮೇಷ್ಟ್ರು, ಮರದ ಪೆಟ್ಟಿಗೆ ಮಾಡುವ ಒಂದು ಶೆಡ್ಡಿನಲ್ಲಿ, ರಜೆಯ ದಿನ ಗರಗಸಗಳ ನಡುವೆ ಪಾಠ ನಡೆಸುತ್ತಿದ್ದರು.

ಮೊದಲ ದಿನವೇ ಮೇಷ್ಟ್ರು ನನ್ನ ಪೆಟ್ಟಿಗೆಯಿಂದ ಎರಡು ಟ್ಯೂಬು ಎತ್ತಿ ತಮ್ಮ ಜುಬ್ಬದ ಜೇಬಿಗೆ ಹಾಕಿಕೊಂಡರು. ಒಂದು ಮೈಬಣ್ಣ, ಇನ್ನೊಂದು ಕಪ್ಪು. ಮೈಬಣ್ಣ ಹೋದದ್ದು ಸರಿ, ಕಪ್ಪು ಯಾಕೆ ಎಂದು ಕೇಳಿದೆ. ನೆರಳು ಅಂದ ಕೂಡಲೇ ನೀವೆಲ್ಲ ಅದಕ್ಕೆ ಕೈ ಹಾಕುತ್ತೀರಿ, ನೆರಳಿನಲ್ಲಿ ಕಪ್ಪೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ, ಅದನ್ನು ಹುಡುಕಿ ಎಂದರು. ಒಂದು ಕೋಳಿಮೊಟ್ಟೆಯನ್ನು ಕಿಟಕಿಯ ಹತ್ತಿರ ಇಟ್ಟು, ಅದರಡಿ ಒಂದು ಕೆಂಪು ಕರವಸ್ತ್ರ ಹಾಸಿ, ಮೊಟ್ಟೆ ಯಾವ ಬಣ್ಣ ಹೇಳಿ ಎಂದರು. ಬಿಳಿ ಎಂದೆ. ಇನ್ನೊಂದು ಸಲ ನೋಡಿ ಎಂದರು. ನಾನು ನೋಡುತ್ತ ಕೂತೆ. ಕೂತಷ್ಟೂ ಮೊಟ್ಟೆ ಬಿಳಿಯಾಗಿ ಉಳಿಯಲಿಲ್ಲ. ಮೇಲ್ಗಡೆ ಆಕಾಶದ ನೀಲಿ, ಕೆಳಗಡೆ ಕರವಸ್ತ್ರದ ಕೆಂಪು, ನಡುವೆ ಹೆಸರಿಲ್ಲದ ಯಾವುದೋ ಒಂದು. ಆ ದಿನ ಮನೆಗೆ ಬಂದವಳು ಗಂಡನಿಗೆ, ಮೊಟ್ಟೆ ಬಿಳಿ ಅಲ್ಲ ಕಣ್ರೀ, ಎಂದು ಹೇಳಿದ ರಭಸಕ್ಕೆ ಅವರು ಅಂಗಡಿಯವನು ಮೋಸ ಮಾಡಿದನೆಂದೇ ತಿಳಿದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಿದ್ದರು.

ಅಲ್ಲಿಂದ ನನಗೆ ಅಮಲು ಹತ್ತಿತು. ಬೇರೆ ಮಾತು ಸಿಗುತ್ತಿಲ್ಲ. ಒಗೆದ ಪಂಚೆಯ ಮಡಿಕೆಯಲ್ಲಿ ನೇರಳೆ ಕಂಡಿತು, ರಾಗಿಮುದ್ದೆಯ ಪಕ್ಕೆಯಲ್ಲಿ ನೀಲಿ ಕಂಡಿತು. ನೀಲಿ ನೋಡುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಮ್ಮೆ ಬಸ್ಸಿನಲ್ಲಿ, ಕಂಡಕ್ಟರ್ ಕಿಟಕಿಗೆ ಬೆನ್ನು ಮಾಡಿ ನಿಂತಾಗ ಹಿಂದಿನಿಂದ ಬಿದ್ದ ಬಿಸಿಲಿಗೆ ಅವನ ಕಿವಿ ದಾಸವಾಳದ ಎಸಳಿನಂತೆ ಉರಿಯುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಅವನು ಕೊನೆಗೆ, ಟಿಕೆಟ್ ಬೇಕಾ ಮೇಡಂ, ಕಿವಿ ಬೇಕಾ, ಎಂದು ಕೇಳಿದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಆದರೆ ಕಣ್ಣು ಮಾತ್ರ ಕಿವಿಯಿಂದ ಕೀಳಲಾಗಲಿಲ್ಲ.

ನನಗೆ ಒಂದು ವಿಷಯಕ್ಕೆ ಉತ್ತರ ಸಿಕ್ಕಿಲ್ಲ. ಸೀರೆಯ ಅಂಗಡಿಗೆ ಹೋದರೆ ನಮ್ಮ ಹೆಂಗಸರ ಬಾಯಲ್ಲಿ ಎಷ್ಟು ಬಣ್ಣಗಳು! ಈರುಳ್ಳಿ ಸಿಪ್ಪೆ, ಮಾವಿನ ಚಿಗುರು, ನವಿಲುಗತ್ತು, ಬದನೆಕಾಯಿ, ಕಾಫಿಪುಡಿ, ಗಿಣಿಹಸಿರು. ಕಾಫಿಪುಡಿಯಲ್ಲೂ ಹಾಲು ಹಾಕಿದ್ದು ಬೇರೆ, ಹಾಕದ್ದು ಬೇರೆ. ಅದೇ ಬಾಯಿ ಹುಡುಗಿಯ ಮುಖದ ವಿಷಯ ಬಂದರೆ ಕೆಂಪಗಿದ್ದಾಳೆ, ಕಪ್ಪಗಿದ್ದಾಳೆ ಎಂದು ಎರಡೇ ಮಾತಿಗೆ ಮುಗಿಸಿಬಿಡುತ್ತದೆ. ತೀರಾ ದಾಕ್ಷಿಣ್ಯವಿದ್ದರೆ ಎಣ್ಣೆಗೆಂಪು. ಆರು ಗಜದ ಬಟ್ಟೆಗೆ ಕೊಟ್ಟ ಗಮನದಲ್ಲಿ ಒಂದು ಗೇಣಾದರೂ ಮುಖಕ್ಕೆ ಯಾಕೆ ಕೊಡಲಿಲ್ಲವೋ!

ಒಬ್ಬರನ್ನೇ, ಒಂದೇ ಜಾಗದಲ್ಲಿ, ದಿನದ ಒಂದೇ ಹೊತ್ತಿನಲ್ಲಿ ಕೂರಿಸಿ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಸಂಜೆ ಕೆಲಸದಿಂದ ಬಂದು ಮೊದಲು ಗಂಡನನ್ನು ಕೂರಿಸಿದೆ. ಅವರು ರಾತ್ರಿ ಪಾಳಿಯ ಫಿಟ್ಟರು, ಕುರ್ಚಿ ಕಂಡರೆ ನಿದ್ದೆ. ನಾನು ಹಣೆ ಮುಗಿಸುವಷ್ಟರಲ್ಲಿ ಗಲ್ಲ ಎದೆಗೆ ಇಳಿದಿರುತ್ತಿತ್ತು. ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನನ್ನ ಅತ್ತೆ ನಂಜಮ್ಮ, "ಮಲಗಿರೋನ್ನೇನ್ ಬರೀತೀಯಾ ಬಿಡು, ನಾ ಕೂತ್ಕೋತೀನಿ," ಎಂದರು.

ಅತ್ತೆಗೂ ನನಗೂ ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೂ ಇರಲಿಲ್ಲ. ಅವರದು ಪೀಣ್ಯದ ಹಳೆಯ ಒಕ್ಕಲು ಮನೆ. ಅವರು ರಾಗಿ ಕುಯ್ದಿದ್ದ ಹೊಲದಲ್ಲಿ ಈಗ ಎದುರುಗಡೆಯ ಕಾರ್ಖಾನೆ ನಿಂತಿತ್ತು. ನಾನು ಚಾಮರಾಜಪೇಟೆಯಿಂದ ಬಂದವಳು, ಬೆಳಗ್ಗೆ ತಡವಾಗಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಓಡುವವಳು, ಸಾಲದ್ದಕ್ಕೆ ಭಾನುವಾರ ಮೊಟ್ಟೆ ನೋಡಲು ಹೋಗುವವಳು. ಒಬ್ಬರನ್ನೊಬ್ಬರು ನೋಡುವುದಿದ್ದರೆ ಓರೆಗಣ್ಣಿನಲ್ಲೇ ಆಗುತ್ತಿತ್ತು. ಈಗ ಸಂಜೆ ಇಡೀ ನೇರವಾಗಿ ನೋಡಬೇಕು!

ಮೊದಲ ಸಂಜೆ ಅವರು ರೇಷ್ಮೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರು ಬಳಿದುಕೊಂಡು ಬಂದರು. ಕತ್ತಿನವರೆಗೆ ಒಬ್ಬರು, ಅಲ್ಲಿಂದ ಮೇಲೆ ಇನ್ನೊಬ್ಬರು. ಪೌಡರು ತೊಳೆದುಕೊಂಡು ಬನ್ನಿ ಎನ್ನಲು ನಾನು ನೀರು ಕುಡಿದು ಧೈರ್ಯ ತಂದುಕೊಳ್ಳಬೇಕಾಯಿತು. "ಕರ್ರಗಿದೀನಲ್ಲಮ್ಮ, ಚೆಂದಾಗಿ ಬರಲಿ ಅಂತ," ಎಂದರು. ಕರ್ರಗಿದ್ದರೆ ನನಗೆ ಕೆಲಸ ಜಾಸ್ತಿ ಅತ್ತೆ, ಬೆಳಕು ಚೆನ್ನಾಗಿ ಕೂರುತ್ತೆ, ಎಂದೆ. ಸಮಾಧಾನಕ್ಕೆ ಹೇಳಿದ ಮಾತೇ. ಆದರೆ ಅವರು ಮುಖ ತೊಳೆದು ಬಂದು ಕೂತಾಗ ನನ್ನ ಮಾತು ನಿಜವೇ ಆಗಿಹೋಯಿತು.

ಆ ಕುರ್ಚಿಯ ಜಾಗವೇ ಹಾಗಿತ್ತು. ಹಿತ್ತಿಲ ಬಾಗಿಲಿನಿಂದ ಇಳಿಬಿಸಿಲು ನೇರ ಒಳಗೆ ಬರುತ್ತಿತ್ತು. ಬೀದಿಯ ಕಡೆಯ ಕಿಟಕಿಗೆ ಎದುರಾಗಿ ಕಾರ್ಖಾನೆಯ ಉದ್ದನೆಯ ಕಾಂಪೌಂಡು, ಅದಕ್ಕೆ ಹೊಸದಾಗಿ ಗಿಣಿಹಸಿರು ಬಣ್ಣ. ಅದೇ ಬಿಸಿಲು ಸೂರಿನ ಮೇಲಿಂದ ಹೋಗಿ ಆ ಗೋಡೆಗೆ ಬಡಿದು, ಹಸಿರಾಗಿ ಮನೆಯೊಳಕ್ಕೆ ತಿರುಗಿ ಬರುತ್ತಿತ್ತು. ಹೀಗಾಗಿ ಅತ್ತೆಯ ಒಂದು ಕೆನ್ನೆ ಕಾದ ತಾಮ್ರ, ಇನ್ನೊಂದು ಕೆನ್ನೆ ಹಸಿರು. ಗಲ್ಲದಡಿ ಸೀರೆಯ ಬದನೆಕಾಯಿ ಬಣ್ಣ. ಎಣ್ಣೆ ಹಚ್ಚಿದ ಕೂದಲ ಮೇಲೆ ಒಂದು ನೀಲಿ ಗೆರೆ. ಗುಲಾಬಿ ಟ್ಯೂಬಿನವರು ಕನಸಿನಲ್ಲೂ ಕಾಣದ ಮುಖ. ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ಇಲ್ಲಿ ಹಸಿರು, ಅಲ್ಲಿ ಈರುಳ್ಳಿ ಸಿಪ್ಪೆ ಎಂದು ನನಗೆ ನಾನೇ ಗೊಣಗಿಕೊಳ್ಳುತ್ತಿದ್ದೆ. ಅತ್ತೆ ಕದಲದೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಆಗಾಗ ತಮ್ಮ ಪಾಡಿಗೆ ತಾವು, ಕಾರ್ಖಾನೆ ನಿಂತ ಜಾಗದಲ್ಲಿ ಅವರೆ ಹೇಗೆ ಬರುತ್ತಿತ್ತು, ಮದುವೆಯಾದ ವರ್ಷ ತಮಗೆ ಎಷ್ಟು ಹೆದರಿಕೆಯಿತ್ತು ಎಂದು ಹೇಳುತ್ತಿದ್ದರು. ಚಿತ್ರವನ್ನು ಮಾತ್ರ ನಾನು ಅವರಿಗೆ ತೋರಿಸಲಿಲ್ಲ. ಮುಗಿಯುವ ಮುಂಚೆ ಯಾರಿಗೂ ತೋರಿಸಬೇಡಿ ಎಂದು ಮೇಷ್ಟ್ರ ಅಪ್ಪಣೆಯಾಗಿತ್ತು. ಪ್ರತಿ ಸಲ ಗೋಡೆಯ ಕಡೆ ಮುಖ ಮಾಡಿ ಇಟ್ಟುಬಿಡುತ್ತಿದ್ದೆ.

ಒಂದು ಭಾನುವಾರ ತರಗತಿ ಮುಗಿಸಿ, ದಾರಿಯಲ್ಲಿ ಸಾಮಾನು ಕೊಂಡು ಮಧ್ಯಾಹ್ನ ದಾಟಿದ ಮೇಲೆ ಮನೆಗೆ ಬಂದರೆ ಬಾಗಿಲಲ್ಲಿ ಜನ. ಪಕ್ಕದ ಬೀದಿಯ ಹೆಂಗಸೊಬ್ಬಳು ಎಳನೀರು ಹಿಡಿದು ನಿಂತಿದ್ದಳು. ನಂಜಮ್ಮನಿಗೆ ಕಾಮಾಲೆಯಂತೆ, ಮುಖವೆಲ್ಲ ಹಸಿರಿಗೆ ತಿರುಗಿದೆಯಂತೆ ಎಂದಳು. ಒಳಗೆ ಹೋದರೆ ಕಾಯಿಲೆ ಯಾರಿಗೂ ಇರಲಿಲ್ಲ. ತೀರಿಹೋದ ನನ್ನ ಮಾವನವರ ತಮ್ಮ ಬೈಲಪ್ಪ, ನಮ್ಮ ಮನೆತನಕ್ಕೀಗ ಹಿರಿಯರು, ಏನೋ ಕೇಳಲು ಬಂದವರು ಕುತೂಹಲಕ್ಕೆ ಚಿತ್ರವನ್ನು ತಿರುಗಿಸಿ ನೋಡಿದ್ದರು. ನೋಡಿದವರು ಬೀದಿಗೆ ಬಂದು ಸುದ್ದಿ ಹೇಳಿದ್ದರು. ಬೀದಿ ಅದನ್ನು ತನಗೆ ತೋಚಿದಂತೆ ತಿದ್ದಿಕೊಂಡಿತ್ತು.

ನನ್ನನ್ನು ಕಂಡ ಬೈಲಪ್ಪನವರು ದನಿ ಏರಿಸಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. "ಬದುಕಿರೋ ಅತ್ತೇನ ಇಂಗೆ ಸತ್ತೋರ ಬಣ್ಣದಾಗೆ ಬರೀತಾರೇನಮ್ಮ? ಸುಟ್ಟಾಕ್ಬಿಡು," ಎಂದರು. ನನ್ನ ಗಂಡ ನನ್ನ ಮುಖ ನೋಡಿದರು, ಚಿಕ್ಕಪ್ಪನ ಮುಖ ನೋಡಿದರು, ಆಮೇಲೆ ಗಡಿಯಾರ ನೋಡಿದರು. ಆ ದಿನ ಪಾಳಿಯಿಲ್ಲ ಎಂಬುದು ಅವರಿಗೆ ಆಗ ನೆನಪಾಗಿರಬೇಕು.

ಅತ್ತೆ ಚಿತ್ರದ ಮುಂದೆ ನಿಂತಿದ್ದರು. ಅವರೂ ಆಗಲೇ ಮೊದಲ ಸಲ ನೋಡುತ್ತಿದ್ದದ್ದು, ಅದೂ ಬೀದಿಯ ಸಮಕ್ಷಮದಲ್ಲಿ. ಹತ್ತಿರ ಹೋದರು, ಹಿಂದೆ ಸರಿದರು, ಇನ್ನೊಮ್ಮೆ ಹತ್ತಿರ ಹೋದರು. ಆಮೇಲೆ ಒಳಗೆ ನಡೆದುಬಿಟ್ಟರು.

ಅದನ್ನು ಕಂಡು ನನ್ನ ಅಮಲೆಲ್ಲ ಇಳಿಯಿತು. ಇಷ್ಟು ಸಂಜೆ ನಂಬಿ ಕೂತ ಹೆಂಗಸನ್ನು ನಾನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೆನಲ್ಲ ಎನ್ನಿಸಿತು. ಬಣ್ಣ ಕೆರೆಯುವ ಚಾಕು ತೆಗೆದುಕೊಂಡೆ. ಹಸಿರು ಕೆನ್ನೆ ಕೆರೆದು, ಎಲ್ಲರೂ ಒಪ್ಪುವಂಥ ಗೋಧಿಬಣ್ಣ ಹಾಕಿಬಿಟ್ಟರೆ ಮನೆ ತಣ್ಣಗಾಗುತ್ತದೆ. ಚಾಕು ಕೆನ್ನೆಗೆ ತಾಗಿಸಿದ್ದೆ.

"ತಡಿ," ಎಂದು ಅತ್ತೆಯ ದನಿ ಕೇಳಿತು. ಅವರು ಬಚ್ಚಲ ಗೋಡೆಯ ತಗಡಿನ ಚೌಕಟ್ಟಿನ ಕನ್ನಡಿಯನ್ನು ಕಿತ್ತು ತಂದಿದ್ದರು. ಬಿಸಿಲು ಆಗತಾನೇ ಹಿತ್ತಿಲ ಬಾಗಿಲು ದಾಟಿ ಒಳಗೆ ಇಳಿಯುತ್ತಿತ್ತು. ತಮ್ಮ ಎಂದಿನ ಕುರ್ಚಿಯಲ್ಲಿ ಎಂದಿನಂತೆ ಕೂತು, ಕನ್ನಡಿ ಎತ್ತಿ ಹಿಡಿದು, ತಮ್ಮ ಮುಖವನ್ನು ಅವರು ನೋಡಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬೈತಲೆ ನೇರವಾಗಿದೆಯೇ ಎಂದು ನೋಡುವ ನೋಟ ಅದಾಗಿರಲಿಲ್ಲ. ಹೊಸಬರೊಬ್ಬರು ಮನೆಗೆ ಬಂದಾಗ ಯಾರಿರಬಹುದು ಎಂದು ನೋಡುತ್ತೇವಲ್ಲ, ಅಂಥದು.

ಆಮೇಲೆ ಮೈದುನನನ್ನು ಕರೆದರು. "ಬಾ ಬೈಲಪ್ಪ, ನೋಡು. ಈ ಕಡೆ ಹಸಿರೈತೆ, ಆ ಗೋಡೇದು. ಮೂಗಿನ ಪಕ್ಕ ಈರುಳ್ಳಿ ಸಿಪ್ಪೆ. ಅವಳು ಏನೂ ಹೆಚ್ಚಿಗೆ ಹಾಕಿಲ್ಲ."

ಬೈಲಪ್ಪನವರು ಬಗ್ಗಿ ನೋಡಿದರು. ಚಿತ್ರ ನೋಡಿದರು, ಅತ್ತಿಗೆಯನ್ನು ನೋಡಿದರು. ಬೆಳಕು ಮೋಸ ಮಾಡುತ್ತಿದೆ ಎಂದರು. ಹಾಗಾದರೆ ನೀನೇ ಕೂತು ನೋಡು ಎಂದು ಅತ್ತೆ ಎದ್ದು ಅವರನ್ನು ಆ ಕುರ್ಚಿಗೆ ಕೂರಿಸಿ, ಕೈಗೆ ಕನ್ನಡಿ ಕೊಟ್ಟರು. ಅವರು ಗಂಭೀರವಾಗಿ ನೋಡಿಕೊಂಡರು. ಹೆಗಲ ಟವೆಲು ತೆಗೆದು ಕೆನ್ನೆಯನ್ನು ಚೆನ್ನಾಗಿ ಉಜ್ಜಿದರು. ಟವೆಲಿಗೆ ಹಸಿರು ಹತ್ತಿದೆಯೇ ಎಂದು ತಿರುಗಿಸಿ ನೋಡಿದರು. ಮತ್ತೆ ಕನ್ನಡಿ ನೋಡಿದರು. ಹಸಿರು ಅಲ್ಲೇ ಇತ್ತು.

ಮೊದಲು ನಕ್ಕವರು ಅತ್ತೆ. ನಂತರ ನನ್ನ ಗಂಡ, ಆಮೇಲೆ ಬಾಗಿಲು, ಆಮೇಲೆ ಬೀದಿ. ಕಡೆಗೆ ಬೈಲಪ್ಪನವರೂ, ಒಂದು ಕೆನ್ನೆ ತಾಮ್ರ, ಒಂದು ಕೆನ್ನೆ ಹಸಿರು ಮಾಡಿಕೊಂಡು ನಕ್ಕರು. ಅಲ್ಲಿಂದ ಬಿಸಿಲು ಇಳಿಯುವವರೆಗೆ ನಮ್ಮ ಮನೆಯಲ್ಲಿ ಕುರ್ಚಿಗೆ ಸರದಿ. ಕೂತವರಿಗೆಲ್ಲ ನಾನು ಮತ್ತು ಅತ್ತೆ ಎರಡೂ ಕಡೆ ನಿಂತು ಬಣ್ಣ ಹೇಳುವುದು. ಎಳನೀರಿನವಳಿಗೆ ಕತ್ತಿನ ಕೆಳಗೆ ನವಿಲುಗತ್ತು ಸಿಕ್ಕಿತು. ಅವಳು ಅದನ್ನು ಸೆರಗಿನಿಂದ ಮುಚ್ಚದೆ ಹಾಗೇ ಕತ್ತೆತ್ತಿಕೊಂಡು ಮನೆಗೆ ಹೋದಳು. ಎಳನೀರನ್ನು ನನ್ನ ಗಂಡ ಕುಡಿದರು.

ಮುಂದಿನ ಭಾನುವಾರ ಚಿತ್ರ ತೆಗೆದುಕೊಂಡು ತರಗತಿಗೆ ಹೊರಟೆ. ಅತ್ತೆಯೂ ಜೊತೆಗೆ ಹೊರಟರು. ಮೇಷ್ಟ್ರು ಚಿತ್ರವನ್ನು ದೂರ ಇಟ್ಟು ಬಹಳ ಹೊತ್ತು ನೋಡಿದರು. ಮುಖ ಬಂದಿದೆ ಎಂದರು. ಅವರ ಬಾಯಲ್ಲಿ ಅದು ಸನ್ಮಾನಪತ್ರ. ಆಮೇಲೆ ಚಿತ್ರದಲ್ಲಿ ಮಡಿಲಲ್ಲಿದ್ದ ಕೈಗಳನ್ನು ತೋರಿಸಿ, ಇವನ್ನು ನೋಡದೆ ಬರೆದಿದ್ದೀರಿ, ಬರೀ ಕಂದು ಬಳಿದಿದ್ದೀರಿ, ಇವು ಯಾರ ಕೈಗಳಾದರೂ ಆಗಬಹುದು ಎಂದರು. ನಿಜ. ಮುಖದ ಅಮಲಿನಲ್ಲಿ ನಾನು ಕೈಗಳ ಹತ್ತಿರ ಹೋಗಿರಲೇ ಇಲ್ಲ. ಅತ್ತೆ ತಮ್ಮ ಕೈಗಳನ್ನು ಶೆಡ್ಡಿನ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ನನ್ನ ಕಡೆ ಸುಮ್ಮನೆ ಚಾಚಿದರು.

ವಾಪಸು ಬರುವಾಗ ರಜೆಯ ಪೀಣ್ಯ ಸದ್ದಿಲ್ಲದೆ ಬಿದ್ದಿತ್ತು. ತುಸು ದೂರ ನಡೆದ ಮೇಲೆ ಅತ್ತೆ, ಇನ್ನೊಂದು ಚಿತ್ರಕ್ಕೆ ಕೂರುತ್ತೇನೆ, ಆದರೆ ಈ ಸಲ ಬೆಳಗ್ಗೆ ಎಂದರು. ಯಾಕೆ ಎಂದೆ.

"ಸಂಜೆ ಹೊತ್ನಾಗೆ ಯಾರಾದ್ರೂ ಒಳ್ಳೆಯೋರಂಗೇ ಕಾಣ್ತಾರೆ ಕಣಮ್ಮ. ಬೆಳಗ್ಗೆ ನಾನು ಎಂಗಿರ್ತೀನಿ ಅಂತ ನೋಡ್ಬೇಕು."

ಬೆಳಗ್ಗೆ ಅವರು ಹೇಗಿರುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಲ್ಲಿಯಲ್ಲಿ ನೀರು ಬಾರದ ದಿನ ಇಡೀ ಬೀದಿಗೂ ಗೊತ್ತಾಗುತ್ತಿತ್ತು. ಬೆಳಗಿನ ಬೆಳಕು ತಣ್ಣಗಿರುತ್ತದೆ ಎಂದು ಮೇಷ್ಟ್ರು ಕಲಿಸಿದ್ದರು. ಅತ್ತೆ ಹಾಗಿರುವುದಿಲ್ಲ. ಇವೆರಡನ್ನೂ ಒಂದೇ ಮುಖದ ಮೇಲೆ ಕೂಡಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ತಿಳಿಯದ ಖುಷಿಗೇ ನಗು ಬಂತು. ಆಗಲಿ ಅತ್ತೆ, ಬೆಳಗ್ಗೆಯೇ ಕೂತ್ಕೊಳ್ಳಿ, ನಾನು ಬೇಗ ಏಳುತ್ತೇನೆ ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ಅವರೂ ನಕ್ಕರು.