ಉಡಿಗೆ ಬಿದ್ದ ತೊಗರಿ

ದೇವರು ಮೈಮೇಲೆ ಬಂದದ್ದು, ಸತ್ತವರು ಕಣ್ಣಿಗೆ ಕಂಡದ್ದು, ಇಂಥ ಮಾತು ಎದ್ದರೆ ನಾನು ಅಲ್ಲಿಂದ ಎದ್ದು ಹೋಗುವ ಮನುಷ್ಯ. ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ವಸಾಹತಿನ ಕಾರ್ಖಾನೆಯಲ್ಲಿ ದಿನವಿಡೀ ಮಷೀನಿನ ಮುಂದೆ ನಿಲ್ಲುವವನಿಗೆ ಇವೆಲ್ಲ ಪುರುಸೊತ್ತಿದ್ದವರ ಹರಟೆ ಅನ್ನಿಸುತ್ತಿತ್ತು. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನಗುವವರು ನಗಲಿ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನನ್ನ ಹೆಂಡತಿ ಶರಣಮ್ಮನಿಗೆ ಏಳು ತಿಂಗಳು. ಅದಕ್ಕೂ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ನಮ್ಮ ಕಲಬುರಗಿ ಕಡೆ ಏಳನೇ ತಿಂಗಳಿಗೆ ತವರಿನವರು ಬಂದು ಹಸಿರು ಸೀರೆ ಉಡಿಸಿ, ಸೆರಗಿಗೆ ಅಕ್ಕಿ, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಅವಳ ಅವ್ವ ತೀರಿಹೋಗಿದ್ದಳು, ಅಣ್ಣತಮ್ಮಂದಿರಿಲ್ಲ. ತವರಿನ ಉಡಿ ಬೀಳದಿದ್ದರೆ ಈ ಕೂಸೂ ಉಳಿಯುವುದಿಲ್ಲ ಎಂದು ಅಳುತ್ತಿದ್ದಳು. "ಅಳಬ್ಯಾಡ, ನಾನೇ ತುಂಬ್ತೀನಿ ತಗೋ," ಎಂದು ತಮಾಷೆ ಮಾಡಿದೆ. ಅವತ್ತು ಅವಳು ಊಟ ಮಾಡಲಿಲ್ಲ.

ಸಮಾಧಾನಕ್ಕೆಂದು ಒಂದು ರವಿವಾರ ನಾವಿದ್ದ ಕಲ್ಯಾಣದಿಂದ ಲೋಕಲ್ ರೈಲು ಹಿಡಿದು ಅಂಬರನಾಥದ ಹಳೆಯ ಶಿವನ ಗುಡಿಗೆ ಕರೆದೊಯ್ದೆ. ಕರಿಕಲ್ಲಿನ ಗುಡಿ, ಹೊರಗೋಡೆಯ ತುಂಬ ಕೆತ್ತಿದ ಮೂರ್ತಿಗಳು, ಎಷ್ಟೋ ಮುಖಗಳು ಮಳೆಗಾಳಿಗೆ ಸವೆದಿವೆ. ಲಿಂಗ ಇರುವುದು ಕೆಳಗೆ, ಮೆಟ್ಟಿಲಿಳಿದು ಹೋಗಬೇಕು. ಬಸುರಿ ಜಾರಿ ಬಿದ್ದಾಳೆಂದು ಅವಳನ್ನು ಗೋಡೆಯ ನೆರಳಿನಲ್ಲಿ ನಿಲ್ಲಿಸಿ, ಅವಳ ಬಿಲ್ವಪತ್ರೆ ಹಿಡಿದು ನಾನು ಇಳಿದೆ. ನೋಡಿ ಹಣೆಬರಹ!

ಹೊರಗೆ ಬಂದರೆ ಶರಣಮ್ಮ ಮುಖ ಸವೆದ ಒಂದು ಹೆಣ್ಣುಮೂರ್ತಿಯ ಮುಂದೆ ಎರಡೂ ಕೈಯಲ್ಲಿ ಸೆರಗು ಒಡ್ಡಿ, ತಲೆ ತಗ್ಗಿಸಿ ನಿಂತಿದ್ದಳು. ಅವಳ ಹತ್ತಿರ ಯಾರೂ ಇರಲಿಲ್ಲ, ತುಸು ದೂರದಲ್ಲಿ ಹೂ ಮಾರುವವಳೊಬ್ಬಳು ಕುಳಿತಿದ್ದಳು, ಅಷ್ಟೇ. ಖಾಲಿ ಸೆರಗು ಗಾಳಿಗೆ ಹಾರುತ್ತಿತ್ತು. ಹತ್ತಿರ ನಡೆದೆ. ನಡುವೆ ಒಮ್ಮೆ ಕಣ್ಣಿಗಿಳಿದ ಬೆವರು ಒರೆಸಿಕೊಂಡೆ, ಅಷ್ಟೇ. ಹೋಗಿ ನೋಡುತ್ತೇನೆ, ಸೆರಗಿನ ತುಂಬ ಅಕ್ಕಿ, ಉತ್ತತ್ತಿ, ಮೇಲೊಂದು ಹಿಡಿ ಕೆಂಪು ತೊಗರಿ ಕಾಳು.

"ಯಾರ ಹಾಕಿದ್ರಿದು?"

"ಅವ್ವ ಬಂದಿದ್ಳಲ್ರೀ. ನಿಮಗ ಕಾಣ್ಲಿಲ್ಲೇನು?"

ಅವಳ ತವರು ಅಕ್ಕಿ ಸಾಕಾಗದ ಬಡಮನೆ. ಯಾರ ಉಡಿ ತುಂಬಿದರೂ ಅವಳ ಅವ್ವ ಒಂದು ಹಿಡಿ ತೊಗರಿ ಸೇರಿಸುತ್ತಿದ್ದಳು. ನಮ್ಮ ಮದುವೆಯಲ್ಲೂ ಹಾಗೇ ಮಾಡಿದ್ದನ್ನು ನಾನು ಕಂಡಿದ್ದೆ. ಶರಣಮ್ಮನೇ ಮನೆಯಿಂದ ತಂದಳೇ? ನಾವು ತಂದಿದ್ದ ಒಂದೇ ಚೀಲ ನನ್ನ ಹೆಗಲಲ್ಲೇ ಇತ್ತು. ಗುಡಿ ಸುತ್ತ ಓಡಿದೆ. ಎದುರಿಗೇ ಕುಳಿತಿದ್ದ ಹೂವಿನವಳನ್ನು ಕೇಳಿದರೆ, ಒಬ್ಬಳೇ ನಿಂತಿದ್ದಳಲ್ಲ ಎಂದು ಮರಾಠಿಯಲ್ಲಿ ಹೇಳಿ, ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಒಂದಿಷ್ಟು ಕಾಳು ಎತ್ತಿಡೋಣ, ತಿಳಿದವರಿಗೆ ತೋರಿಸೋಣ ಎಂದೆ. ಶರಣಮ್ಮ ಬಿಡಲಿಲ್ಲ. ಉಡಿಗೆ ಬಿದ್ದದ್ದು ಹೊರಗೆ ಹೋಗಬಾರದು, ಮನೆಯವರೇ ಉಣ್ಣಬೇಕು. ಸಂಜೆ ಅಕ್ಕಿ, ತೊಗರಿ ಕೂಡಿಸಿ ಬೇಯಿಸಿ ನನ್ನ ಮುಂದೆ ತಾಟು ಇಟ್ಟಳು. ಕೈ ಮುಂದಾಗಲಿಲ್ಲ.

"ಉಣ್ರೀ, ಕೂಸಿನ ಸಲುವಾಗಿ," ಎಂದಳು. ಉಂಡೆ.

ಮಗಳು ಹುಟ್ಟಿದಳು. ಈಗ ಶಾಲೆಗೆ ಹೋಗುತ್ತಾಳೆ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಸತ್ತವರು ಬರುತ್ತಾರೆಂದು ನಾನು ಈಗಲೂ ನಂಬುವುದಿಲ್ಲ. ಹಾಗಾದರೆ ಅದೇನು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ತೋರಿಸೋಣವೆಂದರೆ ಒಂದು ಕಾಳೂ ಉಳಿದಿಲ್ಲ. ಎಲ್ಲ ನಾನೇ ಕೂತು ಉಂಡಿದ್ದೇನೆ.