ಸಿನಿಮಾದವರು ಮುಳುಗಿಸಿದ ಅಕ್ಕ

ನೆನೆಹಾಕಿದ ಹತ್ತಿಕಾಳಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಎಣ್ಣೆ, ಹುಳಿ, ಹಸಿ ಮಣ್ಣು ಮೂರೂ ಕೂಡಿದ ವಾಸನೆ ಅದು. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅದು ಗೋಡೆಗೂ ಹತ್ತಿತ್ತು, ಹಾಸಿಗೆಗೂ ಹತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅಕ್ಕ ನೀಲವ್ವನ ಕೈಗೆ ಹತ್ತಿತ್ತು. ಅಪ್ಪನದು ಹತ್ತಿ ವ್ಯಾಪಾರ. ಎಮ್ಮೆಗಳಿಗೆ ಹತ್ತಿಕಾಳು ನೆನೆಸಿ ಒರಳಲ್ಲಿ ರುಬ್ಬಿ ಇಡುವುದು ಅಕ್ಕನ ಕೆಲಸ. ಅದೇ ಕೈಯಿಂದ ನನ್ನ ತಲೆ ಬಾಚುತ್ತಿದ್ದಳು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ತೀರಿಕೊಂಡು ಅವಳು ತವರಿಗೆ ಬಂದಿದ್ದಳು. ನನಗಾಗ ಏಳೋ ಎಂಟೋ ವರ್ಷ. ಮನೆಯವರಿಗೆ ದುಃಖ, ನನಗೆ ಮಾತ್ರ ಅಕ್ಕ ಬಂದಳೆಂಬ ಹಬ್ಬ.

ಅವಳು ಅಳುತ್ತಿರಲಿಲ್ಲವೆಂದಲ್ಲ. ಆದರೆ ನಗುವುದನ್ನು ಬಿಟ್ಟಿರಲಿಲ್ಲ. ಕೊರಳಲ್ಲಿ ತಾಳಿ ಇರಲಿಲ್ಲ, ಕೈಯಲ್ಲಿ ಬಳೆ ಇರಲಿಲ್ಲ. ಹಣೆಯಲ್ಲಿ ವಿಭೂತಿ, ಮೈಮೇಲೆ ತನ್ನವೇ ಇಳಕಲ್ಲ ಸೀರೆ, ಎದೆಯ ಮೇಲೆ ಲಿಂಗ. ಹೀಗೇ ಒಂದೆರಡು ವರ್ಷ ಕಳೆದವು. ಆಮೇಲೆ ಒಂದು ದಿನ ಊಟದ ಹೊತ್ತಿಗೆ ಅವ್ವ ಅಪ್ಪನ ಮುಂದೆ ನಿಂತು ಕೇಳಿಯೇಬಿಟ್ಟಳು: “ಅಕೀಗೂ ಒಂದು ಒಲಿ ಬ್ಯಾಡೇನ್ರಿ? ತನ್ನದು ಅನ್ನೂ ಮನಿ ಬ್ಯಾಡೇನು? ನಾವು ಹ್ವಾದ ಮ್ಯಾಲ ಅಕೀನ್ನ ಯಾರು ನೋಡ್ತಾರ?” ಅಪ್ಪ ಉಂಡು ಎದ್ದವರೇ ನಂಟರಿಗೆ ಹೇಳಿಕಳಿಸಿದರು. ಮರುವಾರ ಉಣಕಲ್ಲಿನಿಂದ ಒಕ್ಕಲುತನ ಮಾಡುವವನೊಬ್ಬ ಅಕ್ಕನನ್ನು ಕೇಳಲು ಬಂದ. ಹೆಂಡತಿ ಸತ್ತವನು, ಮಾತು ಕಡಿಮೆ, ಅಂಗೈ ಮರದ ಹಲಗೆಯಷ್ಟು ಗಟ್ಟಿ. ಅಕ್ಕ ಒಳಗಿನಿಂದಲೇ ಅವನನ್ನು ಇಣುಕಿ ನೋಡಿ, ಅವ್ವನ ಕಿವಿಯಲ್ಲಿ ಕೇಳಿದ್ದು ಒಂದೇ ಮಾತು: “ಅವ್ರ ಮನ್ಯಾಗ ಎಮ್ಮಿ ಅದಾವೇನಬೇ ಯವ್ವಾ?”

ಇದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಿದ್ದರು. ಗಂಡ ಸತ್ತವಳಿಗೆ ಕೈಹಿಡಿಯುವ ಹೊಸಬನು ಸೀರೆ ಉಡಿಸಿ ಕರೆದುಕೊಂಡು ಹೋಗುವ ಪದ್ಧತಿ. ಬಾಜಾಭಜಂತ್ರಿ ಇಲ್ಲ, ಹಂದರವಿಲ್ಲ. ದೀಪ ಹಚ್ಚುವ ಹೊತ್ತಿಗೆ ಶಾಸ್ತ್ರ ಮಾಡಿಸುವ ಅಯ್ಯನವರು ಬಂದರು, ನಾಲ್ಕು ಜನ ಹಿರಿಯರು ಕೂತರು, ಅಕ್ಕ ಅವನು ತಂದ ಹಸಿರು ಸೀರೆ ಉಟ್ಟು ಬಂದಳು, ಅಷ್ಟೇ. ಇದನ್ನು ಯಾರೂ ಸುಧಾರಣೆ ಎನ್ನಲಿಲ್ಲ. ಹಾಗಂತ ಎಲ್ಲ ಸಲೀಸಾಗಿತ್ತು ಎಂದೂ ನಾನು ಹೇಳುವುದಿಲ್ಲ. ಉಡಿಕೆಯಾದವಳನ್ನು ಮದುವೆಮನೆಗಳಲ್ಲಿ ಆರತಿಗೆ ಮುಂದೆ ಕರೆಯುತ್ತಿರಲಿಲ್ಲ, ಆ ಸಂಕಟ ಅವಳಿಗೆ ಕೊನೆಯವರೆಗೂ ಇತ್ತು. ಆದರೂ ಉಣಕಲ್ಲಿನ ಕೆರೆಯ ಹತ್ತಿರ ಅವಳಿಗೊಂದು ಮನೆಯಾಯಿತು, ಒಲೆಯಾಯಿತು, ಮಗಳು ಶಾಂತಾ ಹುಟ್ಟಿದಳು. ಅದೇ ಕೆರೆಯಲ್ಲಿ ಬಟ್ಟೆ ಒಗೆಯುತ್ತ, ಎಮ್ಮೆ ಮೈ ತೊಳೆಯುತ್ತ, ಮುದುಕಿಯಾಗಿ ಅಕ್ಕ ತನ್ನ ಹಾಸಿಗೆಯ ಮೇಲೆ ತೀರಿಕೊಂಡಳು.

ನಮ್ಮ ಮನೆಯನ್ನು ಕೆಡವಿ ಅಂಗಡಿಗಳನ್ನು ಕಟ್ಟಿದ ಮೇಲೆ ಅವಳದೆಂದು ಉಳಿದದ್ದು ನನ್ನ ನೆನಪು ಮಾತ್ರ. ಒಂದು ಫೋಟೋ ಕೂಡ ಇಲ್ಲ. ಆದ್ದರಿಂದಲೇ ವಿದ್ಯಾನಗರದ ಹುಡುಗನೊಬ್ಬ ಆ ಕಾಲದ ಹುಬ್ಬಳ್ಳಿಯ ಮೇಲೆ ಸಿನಿಮಾ ಮಾಡುತ್ತೇನೆಂದು ಬಂದಾಗ ಎಲ್ಲವನ್ನೂ ಅವನಿಗೆ ಹೇಳಿದೆ. ಅಕ್ಕ ಅಲ್ಲಾದರೂ ಉಳಿಯಲಿ ಎಂಬ ಆಸೆ. ಹುಡುಗ ಬಹಳ ಹುಷಾರು. ಧಾರವಾಡದ ಯಾರದೋ ಹಳೇ ಮನೆ ಹಿಡಿದು, ಸ್ಟೀಲಿನ ಲೋಟ ಎತ್ತಿಸಿ ಹಿತ್ತಾಳೆಯವು ತರಿಸಿದ, ಗೋಡೆಯ ಸ್ವಿಚ್ಚು ಮುಚ್ಚಿಸಿದ. ಒಂದು ಕಾಲದ ವಸ್ತು ಇನ್ನೊಂದು ಕಾಲದಲ್ಲಿ ಕಾಣಿಸಿದರೆ ಅದು ಕಾಲದೋಷವಂತೆ. ಅಂಥದ್ದು ಒಂದೂ ಇರಕೂಡದಂತೆ. ನನಗೂ ಖುಷಿಯಾಯಿತು. ಆಮೇಲೆ ನೋಡಿದರೆ ಅಕ್ಕನ ಪಾತ್ರದವಳಿಗೆ ಬಿಳಿ ಸೀರೆ ಉಡಿಸಿ ಮೂಲೆಯಲ್ಲಿ ಕೂಡಿಸಿದ್ದ. ಉಡಿಕೆಯ ಸುದ್ದಿಯೇ ಇಲ್ಲ.

“ಅಜ್ಜಾರ, ಸ್ವಾತಂತ್ರ್ಯಕ್ಕಿಂತ ಮೊದ್ಲ ವಿಧವೆ ಮದುವಿ? ಜನ ನಂಬೂದಿಲ್ರಿ. ಕಾಲದೋಷ ಆಕ್ಕೈತಿ.”

“ನಾ ಅಲ್ಲೇ ನಿಂತು ಕಣ್ಣಾರೆ ನೋಡೇನೋ ತಮ್ಮಾ!”

“ನೀವು ಆವಾಗ ಭಾಳ ಸಣ್ಣವರಿದ್ರಿ,” ಎಂದ, ನನ್ನನ್ನು ಸಮಾಧಾನಪಡಿಸುವವನಂತೆ.

ಮೈ ಉರಿದುಹೋಯಿತು. ಲೋಟದ ಕಾಲ ಗೊತ್ತಿದ್ದವನಿಗೆ ಮನುಷ್ಯರ ಕಾಲ ಗೊತ್ತಿರಲಿಲ್ಲ. ಆ ಬಿಳಿ ಸೀರೆ ನಮ್ಮ ಮನೆಯದಲ್ಲ, ಬೇರೆ ಸಿನಿಮಾಗಳದು. ಹಳಬರೆಂದರೆ ಹೀಗೇ ಇದ್ದಿರಬೇಕೆಂದು ಈಗಿನವರು ಕಟ್ಟಿಕೊಂಡ ಕಾಲವನ್ನು ಒಯ್ದು ನಮ್ಮ ನಿಜವಾದ ಕಾಲದ ಮೇಲೆ ಹೊದಿಸಿದರೆ ಅದು ಯಾವ ದೋಷ? ಎಷ್ಟು ಸಲ ಕೇಳಿದೆ, ಕೂಗಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಈಗಲೂ ನೆನೆಸಿಕೊಂಡರೆ ಸಿಟ್ಟು ಇಳಿಯುವುದಿಲ್ಲ.

ಸಿನಿಮಾ ಬಂತು. ಅಕ್ಕನ ಮಗಳು ಶಾಂತಾಳನ್ನು ಕರೆದುಕೊಂಡು ನೋಡಲು ಹೋದೆ. ಅವಳಿಗೂ ಆಗ ತಲೆ ನರೆತಿತ್ತು. ಕೊನೆಯಲ್ಲಿ ಅಕ್ಕ ಉಣಕಲ್ಲ ಕೆರೆಗೆ ಹಾರಿ ಸತ್ತಳು. ನೀರಿನ ಮೇಲೆ ಬಿಳಿ ಸೆರಗು ಬಹಳ ಹೊತ್ತು ತೇಲಿತು. ಸುತ್ತ ಕೂತವರೆಲ್ಲ ನಮ್ಮ ಅಕ್ಕನಿಗಾಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ದೀಪ ಹತ್ತಿದ ಮೇಲೂ ಶಾಂತಾ ಏಳಲಿಲ್ಲ. ಖಾಲಿ ಪರದೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

“ಮಾಮಾ, ಅವ್ವ ಹಿಂಗ ಸತ್ತಿದ್ರ ನಾ ಯಾರ ಹೊಟ್ಟ್ಯಾಗ ಹುಟ್ಟೀನಿ?”